ಸಾತಾರಾದ ಶಾಹೂ ಬೋರ್ಡಿಂಗ್ ಮತ್ತು ಒಂದೇ ಸಾಲಿನ ಊಟ

ಮಹಾರಾಷ್ಟ್ರದ ಗಡಿಯೊಳಗೆ ಕನ್ನಡ ಶಾಲೆ ನಡೆಸುವ ನಮಗೆ ಜಯಂತಿಗಳ ಪಟ್ಟಿ ಸ್ವಲ್ಪ ಉದ್ದವೇ ಇದೆ. ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ, ಜೂನ್ 26ಕ್ಕೆ ರಾಜರ್ಷಿ ಶಾಹೂ ಮಹಾರಾಜರು, ನವೆಂಬರ್ 1ಕ್ಕೆ ನಮ್ಮ ರಾಜ್ಯೋತ್ಸವ. ಆಚೆಯ ಹಬ್ಬವೂ ನಮ್ಮದೇ, ಈಚೆಯ ಹಬ್ಬವೂ ನಮ್ಮದೇ. ಒಂದು ಫೋಟೋ, ಒಂದು ಹೂವಿನ ಹಾರ, ಎರಡು ಊದಿನಕಡ್ಡಿ, ಒಂದು ತೆಂಗಿನಕಾಯಿ, ಬಾಯಿಪಾಠ ಮಾಡಿಕೊಂಡು ಬಂದ ನಾಲ್ಕು ಮಕ್ಕಳ ಭಾಷಣ. ಕೊನೆಗೆ ಕಾಯಿ-ಬೆಲ್ಲ ಹಂಚಿ ಮತ್ತೆ ಗಣಿತದ ತಾಸು!

ಸಪ್ಟೆಂಬರ್ 22 ಕೂಡ ಇಂಥದೇ ಒಂದು ದಿನ. ಅಂದು ಕರ್ಮವೀರ ಭಾವುರಾವ್ ಪಾಟೀಲರ ಜಯಂತಿ. ಒಂದು ಸಲ ಭಾಷಣ ಮುಗಿದ ಮೇಲೆ ಆರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಇವರ ಹಿರ್‍ಯಾರು ಕನ್ನಡದವರಂತ್ರಿ, ಖರೇ ಏನ್ರಿ?" ಹೌದು ಎಂದೆವು. ಅವನ ಮುಖ ಅರಳಿತು. ಆದರೆ ಮನೆಗೆ ಬಂದ ಮೇಲೆ ನಮಗೇ ಸಮಾಧಾನವಾಗಲಿಲ್ಲ. ಹುಡುಗನಿಗೆ ಅರ್ಧ ಉತ್ತರ ಕೊಟ್ಟು ಕೂಡಿಸಿದೆವು ಎನಿಸಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಶಾಲೆಗಳ ಮಕ್ಕಳೂ ಪಾಲಕರೂ ಓದಲಿ ಎಂಬುದು ಆಸೆ.

ಮೂಡಬಿದಿರೆಯಿಂದ ಕುಂಭೋಜಕ್ಕೆ

ಭಾವುರಾವ್ ಹುಟ್ಟಿದ್ದು 1887ರ ಸಪ್ಟೆಂಬರ್ 22ರಂದು, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಬಾಹುಬಲಿಯ ಗುಡ್ಡದಿಂದಾಗಿ ಆ ಊರಿನ ಹೆಸರು ನಮ್ಮ ಕಡೆಯ ಜೈನ ಬಾಂಧವರಿಗೆಲ್ಲ ಗೊತ್ತು. ತಂದೆ ಪಾಯಗೊಂಡಾ ಪಾಟೀಲರು ಕಂದಾಯ ಖಾತೆಯಲ್ಲಿ ನೌಕರರು. ಮನೆತನದ ಹಿರಿಯರು ಬಹಳ ಹಿಂದೆ ದಕ್ಷಿಣ ಕನ್ನಡದ ಮೂಡಬಿದಿರೆಯಿಂದ ಬಂದವರು. ಆಗ ಅವರ ಅಡ್ಡಹೆಸರು ದೇಸಾಯಿ. ಈಗಿನ ಸಾಂಗ್ಲಿ ಜಿಲ್ಲೆಯ ಐತವಡೆ ಬುದ್ರುಕ್ ಎಂಬ ಊರಿನಲ್ಲಿ ನೆಲೆಸಿ, ಅಲ್ಲಿಯ ಪಾಟೀಲಕಿ ಸಿಕ್ಕ ಮೇಲೆ ಪಾಟೀಲರಾದರು. ಪಾಯಗೊಂಡ ಎಂಬ ಹೆಸರಿನಲ್ಲೇ ಕನ್ನಡ ಇನ್ನೂ ಉಳಿದಿದೆ ನೋಡಿ.

ಹುಡುಗ ಕೇಳಿದ್ದಕ್ಕೆ ಇಷ್ಟು ಉತ್ತರ ಸಾಕಿತ್ತು. ಆದರೆ ಭಾವುರಾವ್ ಬೆಳೆದದ್ದು ಮರಾಠಿಯಲ್ಲಿ, ದುಡಿದದ್ದು ಮರಾಠಿ ರೈತರ ಮಕ್ಕಳಿಗಾಗಿ. ಹಿರಿಯರ ಊರು ನಮ್ಮದೆಂದ ಮಾತ್ರಕ್ಕೆ ಅವರು ಕಟ್ಟಿದ್ದು ನಮ್ಮದಾಗುವುದಿಲ್ಲ. ಅವರು ಕಟ್ಟಿದ್ದೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ವಿದ್ಯಾರ್ಥಿ ವಸತಿಗೃಹಗಳ ತವರು

ಮುಂದಿನ ಕಲಿಕೆಗಾಗಿ ಭಾವುರಾವ್ ಕೊಲ್ಹಾಪುರಕ್ಕೆ ಬಂದರು. ಆಗ ಅಲ್ಲಿ ಶಾಹೂ ಮಹಾರಾಜರ ಆಳ್ವಿಕೆ. ಹಳ್ಳಿಯ ಮಕ್ಕಳು ಕಲಿಯದೆ ಉಳಿಯುವುದಕ್ಕೆ ಶಾಲೆ ಇಲ್ಲದಿರುವುದೊಂದೇ ಕಾರಣವಲ್ಲ, ಶಾಲೆಯಿರುವ ಪಟ್ಟಣದಲ್ಲಿ ಉಳಿಯಲು ಜಾಗ, ಉಣ್ಣಲು ಕೂಳು ಇಲ್ಲದಿರುವುದೂ ಕಾರಣ ಎಂಬುದನ್ನು ಆ ರಾಜ ಅರಿತಿದ್ದರು. 1896ರಲ್ಲಿ ಎಲ್ಲ ಜಾತಿಯವರಿಗೂ ಸೇರಿ ಒಂದು ವಸತಿಗೃಹ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಒಂದೇ ಜಾತಿಯ ಮಕ್ಕಳಿಂದ ತುಂಬಿತು. ಉಳಿದವರು ಅದರ ಹೊಸ್ತಿಲು ತುಳಿಯಲಿಲ್ಲ.

ಆಗ ಮಹಾರಾಜರು ದಾರಿ ಬದಲಿಸಿದರು. ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗ್! 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್. ಮುಂದೆ ಲಿಂಗಾಯತ, ಮುಸ್ಲಿಂ, ಶಿಂಪಿ, ಪಾಂಚಾಳ ಹೀಗೆ ಒಂದರ ಹಿಂದೊಂದು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಒಂದು ವಸತಿಗೃಹ ಬಂತು. ಅದಕ್ಕೆ ಮುಂಬಯಿ ಗವರ್ನರರ ಮಗಳ ಹೆಸರಿನಿಂದ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಎಂದು ಹೆಸರಿಟ್ಟರು. ಕೊಲ್ಹಾಪುರಕ್ಕೆ 'ವಸತಿಗೃಹಗಳ ತಾಯಿ' ಎಂಬ ಹೆಸರು ಬಂದದ್ದು ಹೀಗೆ. ಜಾತಿಗೊಂದು ಮನೆ ಕಟ್ಟಿದ್ದು ತಪ್ಪಲ್ಲವೇ ಎಂದು ಇಂದು ನಾವು ಕೇಳಬಹುದು. ಆದರೆ ಆ ಕಾಲಕ್ಕೆ ಮಕ್ಕಳನ್ನು ಶಾಲೆಯವರೆಗೆ ತರುವುದಕ್ಕೆ ಅದೊಂದೇ ದಾರಿ ಕಾಣುತ್ತಿತ್ತು. ತಮ್ಮವರ ಮಕ್ಕಳಿಗೆಂದರೆ ಆಯಾ ಸಮಾಜದವರು ಕೈಬಿಚ್ಚಿ ಕೊಡುತ್ತಿದ್ದರು, ತಂದೆತಾಯಿಗಳು ನಂಬಿ ಕಳಿಸುತ್ತಿದ್ದರು.

ಭಾವುರಾವ್ ಇದ್ದದ್ದು ಜೈನ ಬೋರ್ಡಿಂಗ್‌ನಲ್ಲಿ. ಮಿಸ್ ಕ್ಲಾರ್ಕ್ ಬೋರ್ಡಿಂಗ್‌ನ ಸಮಾರಂಭಕ್ಕೆ ಈ ಹುಡುಗ ಹೋಗಿ ಬಂದ. ಬಂದವನೇ ಸ್ನಾನ ಮಾಡಿ ಒಳಗೆ ಬಾ ಎಂದು ಅಲ್ಲಿಯವರು ಹೇಳಿದರು. ಹುಡುಗ ಮಾಡುವುದಿಲ್ಲ ಎಂದ. ಕಡೆಗೆ ಬೋರ್ಡಿಂಗ್‌ನಿಂದ ಹೊರಬಿದ್ದ. ಒಂದು ಕೊಡ ನೀರಿನ ಮಾತು ಅಷ್ಟೇ! ಸುರುವಿಕೊಂಡು ಬಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಸುರುವಿಕೊಳ್ಳಲಿಲ್ಲ ಎಂದೇ ಇಂದು ಅವರ ಕಥೆ ಬರೆಯುತ್ತಿದ್ದೇವೆ.

ನೇಗಿಲು ಮಾರುವವ, ಪಾಟೀಲ್ ಮಾಸ್ತರ

ಶಾಲೆಯ ಓದು ಅಲ್ಲಿಗೇ ನಿಂತಿತು. ಸಾತಾರಾಕ್ಕೆ ಬಂದು ಮನೆಪಾಠ ಹೇಳಿದರು. ಜನ ಅವರನ್ನು 'ಪಾಟೀಲ್ ಮಾಸ್ತರ' ಎಂದು ಕರೆಯುತ್ತಿದ್ದರು. ಮುಂದೆ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನು ಮಾರುವ ಕೆಲಸ ಹಿಡಿದರು. ಈ ಕಾರಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ ಎಂಬುದನ್ನು ಮಕ್ಕಳಿಗೆ ಹೇಳಬೇಕು. ನೇಗಿಲು ಮಾರುವವನಿಗೆ ಊರೂರು ತಿರುಗುವುದೇ ಕಸುಬು. ಪ್ರತಿ ಊರಿನಲ್ಲೂ ಭಾವುರಾವ್ ಕಂಡದ್ದು ಒಂದೇ ಚಿತ್ರ: ದನ ಕಾಯುವ ಹುಡುಗರು, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅಪ್ಪಂದಿರು.

1919ರ ಅಕ್ಟೋಬರ್ 4, ವಿಜಯದಶಮಿ. ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ 'ರಯತ್ ಶಿಕ್ಷಣ ಸಂಸ್ಥೆ' ಹುಟ್ಟಿತು. ರಯತ ಎಂದರೆ ನಮ್ಮಲ್ಲೂ ಅದೇ ಅರ್ಥ, ದುಡಿದುಣ್ಣುವ ಜನ. ಮಹಾತ್ಮಾ ಫುಲೆಯವರ ಸತ್ಯಶೋಧಕ ವಿಚಾರದ ಗಾಳಿ ಆ ಭಾಗದಲ್ಲಿ ಆಗ ಜೋರಾಗಿ ಬೀಸುತ್ತಿತ್ತು. ದಸರೆಯ ದಿನ ನಮ್ಮ ಕಡೆ ಬನ್ನಿ ಮುಡಿದು "ಬಂಗಾರದಂಗ ಇರೋಣ" ಎನ್ನುತ್ತೇವೆ. ಅವರೂ ಎಲೆಯನ್ನೇ ಬಂಗಾರವೆಂದು ಹಂಚುತ್ತಾರೆ. ಆ ವರ್ಷ ಕಾಲೆಯ ಬಡವರಿಗೆ ನಿಜವಾದ ಬಂಗಾರವೇ ಸಿಕ್ಕಿತು ಎನ್ನಬೇಕು.

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಕೆಲವೇ ಹುಡುಗರಿಂದ ಬೋರ್ಡಿಂಗ್ ಸುರುವಾಯಿತು. ಇಲ್ಲಿ ಭಾವುರಾವ್ ಮಾಡಿದ್ದೇ ಬೇರೆ. ಶಾಹೂ ಮಹಾರಾಜರನ್ನು ಅವರು ಗುರುವಿನಂತೆ ಕಂಡವರು. ಆದರೆ ಗುರು ಇಟ್ಟ ಹೆಜ್ಜೆಯ ಮುಂದಿನ ಹೆಜ್ಜೆಯನ್ನು ಶಿಷ್ಯ ಇಟ್ಟರು. ಜಾತಿಗೊಂದು ಬೋರ್ಡಿಂಗ್ ಬೇಡ, ಎಲ್ಲ ಜಾತಿಗೂ ಒಂದೇ ಬೋರ್ಡಿಂಗ್ ಸಾಕು ಎಂದರು. ಮಹಾರ, ಮಾಂಗ, ರಾಮೋಶಿ, ಮರಾಠಾ, ಜೈನ, ಮುಸ್ಲಿಂ ಹುಡುಗರೆಲ್ಲ ಒಂದೇ ಸೂರಿನ ಕೆಳಗೆ ಬಂದರು. 1896ರಲ್ಲಿ ರಾಜನಿಂದ ಆಗದೆ ಉಳಿದದ್ದು ನೇಗಿಲು ಮಾರುವವನಿಂದ ಆಯಿತು.

ಬೋರ್ಡಿಂಗ್‌ನ ಒಂದು ದಿನ

ಹೇಗೆ ಆಯಿತು? ಉಪದೇಶದಿಂದಲ್ಲ, ಪಾಳಿಯಿಂದ! ಬೋರ್ಡಿಂಗ್‌ನಲ್ಲಿ ಆಳುಕಾಳು ಇರಲಿಲ್ಲ. ನೀರು ತರುವುದು, ಕಸ ಹೊಡೆಯುವುದು, ಅಡುಗೆ ಮಾಡುವುದು, ಪಾತ್ರೆ ತಿಕ್ಕುವುದು, ಹೊಲದ ಕೆಲಸ, ಕಟ್ಟಡದ ಕೆಲಸ, ಎಲ್ಲವೂ ಹುಡುಗರದೇ. ಎಲ್ಲರಿಗೂ ಪಾಳಿ ಬರುತ್ತದೆ. ಇಂದು ಮಹಾರ ಹುಡುಗನ ಕೈಯ ಭಾಕರಿ, ನಾಳೆ ಜೈನ ಹುಡುಗನ ಕೈಯ ಭಾಕರಿ. ಹಸಿದ ಹೊಟ್ಟೆಗೆ ಎರಡೂ ಒಂದೇ. ಒಲೆಯ ಮುಂದೆ ಕೂತು ಭಾಕರಿ ಬಡಿದವನಿಗೇ ಗೊತ್ತು, ಹಿಟ್ಟಿಗೆ ಜಾತಿ ಹತ್ತುವುದಿಲ್ಲ ಎಂದು.

ಸ್ವಂತ ದುಡಿಮೆಯಿಂದ ಕಲಿಯುವುದೇ ನಮ್ಮ ಬಿರುದು ಎಂಬ ಅರ್ಥದ ಘೋಷವಾಕ್ಯವನ್ನು ಸಂಸ್ಥೆ ಇಟ್ಟುಕೊಂಡಿತು. ಲಾಂಛನ ಆಲದ ಮರ. ಒಂದು ಕೊಂಬೆಯ ಬಿಳಲು ನೆಲಕ್ಕಿಳಿದು ಇನ್ನೊಂದು ಕಾಂಡವಾಗುವ ಹಾಗೆ, ಕಲಿತು ಹೋದ ಹುಡುಗ ಇನ್ನೊಂದು ಊರಿನಲ್ಲಿ ಬೇರು ಬಿಡಬೇಕು ಎಂಬ ಆಶಯ.

ಖರ್ಚಿಗೆ ಎಲ್ಲಿಂದ ಬಂತು? 'ಮುಷ್ಟಿ ಫಂಡ್' ಎಂಬುದೊಂದು ಉಪಾಯ. ಮನೆಯ ಹೆಣ್ಣುಮಗಳು ದಿನಾಲೂ ಒಂದು ಹಿಡಿ ಕಾಳು ತೆಗೆದಿಡಬೇಕು. ಅದನ್ನು ಕೂಡಿಸಿ ಬೋರ್ಡಿಂಗ್‌ಗೆ ತರುವುದು. ನಮ್ಮ ಊರುಗಳಲ್ಲಿ ಕಂತಿಭಿಕ್ಷೆಗೆಂದು ಜೋಳ ತೆಗೆದಿಡುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಇದು ಹೊಸದಲ್ಲ. ಮಠದ ಜೋಳಿಗೆಗೆ ಬೀಳುವ ಹಿಡಿ ಕಾಳಿನಿಂದಲೇ ಅಲ್ಲವೇ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಪ್ರಸಾದನಿಲಯಗಳು ಸಾವಿರಾರು ಬಡ ಮಕ್ಕಳಿಗೆ ಉಣಿಸಿದ್ದು! ಎರಡೂ ಕಡೆಯ ನೆಲ ಒಂದೇ, ಕೊಡುವ ಕೈಯೂ ಒಂದೇ.

ಲಕ್ಷ್ಮೀಬಾಯಿಯವರ ತಾಳಿ

ಹಿಡಿ ಕಾಳು ಎಲ್ಲ ದಿನಕ್ಕೂ ಸಾಲುತ್ತಿರಲಿಲ್ಲ. ಆಗ ಕೈಯಿಟ್ಟದ್ದು ಮನೆಯ ಬಂಗಾರಕ್ಕೆ. ಭಾವುರಾವರ ಹೆಂಡತಿ ಲಕ್ಷ್ಮೀಬಾಯಿ ಕುಂಭೋಜದ ಅನುಕೂಲಸ್ಥ ಜೈನ ಮನೆತನದ ಮಗಳು. ಮಡಿ-ಮೈಲಿಗೆಯಲ್ಲಿ ಬೆಳೆದ ಜೀವ. ಅಂಥವರ ಮನೆಗೆ ಗಂಡ ಎಲ್ಲ ಜಾತಿಯ ಹುಡುಗರನ್ನು ಕರೆತಂದಾಗ ಅವರ ಮನಸ್ಸು ಎಷ್ಟು ಹೊಯ್ದಾಡಿರಬೇಕು, ನಮ್ಮ ತಾಯಂದಿರನ್ನು ನೆನೆಸಿಕೊಂಡರೆ ತಿಳಿಯುತ್ತದೆ. ಆದರೂ ಆ ಹುಡುಗರಿಗೆಲ್ಲ ಅವರು ತಾಯಿಯಾದರು. ಜ್ವರ ಬಂದವನ ಹಣೆಗೆ ಬಟ್ಟೆ ಹಾಕಿದವರು, ಹಸಿದವನಿಗೆ ಬಡಿಸಿದವರು ಅವರೇ.

ಮೈಮೇಲಿನ ಆಭರಣಗಳು ಒಂದೊಂದಾಗಿ ಬೋರ್ಡಿಂಗ್‌ನ ದವಸಕ್ಕೆ ಹೋದವು. ಒಮ್ಮೆ ಭಾವುರಾವ್ ಊರಲ್ಲಿ ಇರಲಿಲ್ಲ. ಕಣಜ ಬರಿದಾಗಿತ್ತು. ಹುಡುಗರು ಉಪವಾಸ ಬೀಳುವ ಹೊತ್ತು. ಉಳಿದದ್ದು ಕೊರಳಿನ ತಾಳಿ ಒಂದೇ. ಲಕ್ಷ್ಮೀಬಾಯಿ ಅದನ್ನೂ ತೆಗೆದುಕೊಟ್ಟು ದವಸ ತರಿಸಿದರು. ಗಂಡ ಬದುಕಿರುವಾಗ ತಾಳಿ ತೆಗೆಯುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1930ರಲ್ಲಿ ಅವರು ತೀರಿಕೊಂಡರು. ತಾವು ಉಣಿಸಿದ ಗಿಡ ಮರವಾದದ್ದನ್ನು ನೋಡಲಿಲ್ಲ.

ಜಯಂತಿಗಳಲ್ಲಿ ನಾವು ಭಾವುರಾವರ ಫೋಟೋ ಒಂದನ್ನೇ ಇಡುತ್ತೇವೆ. ಅದರ ಪಕ್ಕದಲ್ಲಿ ಲಕ್ಷ್ಮೀಬಾಯಿಯವರದೂ ಇರಬೇಕು ಎಂದು ಈ ಸಲ ಅನಿಸಿತು.

ಗಾಂಧೀಜಿ ಬಂದ ದಿನ

ಬೋರ್ಡಿಂಗ್‌ನ ಬಾಳಿನಲ್ಲಿ ದೊಡ್ಡ ಹಬ್ಬವೆಂದರೆ 1927ರ ಫೆಬ್ರುವರಿ 25. ಅಂದು ಮಹಾತ್ಮಾ ಗಾಂಧಿಯವರು ಬಂದರು. ಅವರ ಕೈಯಿಂದಲೇ ಬೋರ್ಡಿಂಗ್‌ಗೆ 'ಶ್ರೀ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್' ಎಂದು ನಾಮಕರಣವಾಯಿತು. ಶಾಹೂ ಮಹಾರಾಜರು 1922ರಲ್ಲೇ ತೀರಿಹೋಗಿದ್ದರು. ತಾವು ಸ್ನಾನ ಮಾಡದೆ ಹೊರಬಿದ್ದ ಊರಿನ ಆ ರಾಜನ ಹೆಸರನ್ನು, ಎಲ್ಲರೂ ಕೂಡಿ ಉಣ್ಣುವ ಮನೆಗೆ ಭಾವುರಾವ್ ಇಡಿಸಿದರು. ಋಣ ತೀರಿಸುವುದೆಂದರೆ ಹೀಗೆ. ಜಾತಿ ಮರೆತು ಒಟ್ಟಿಗೆ ಬಾಳುತ್ತಿದ್ದ ಹುಡುಗರನ್ನು ಕಂಡು ಗಾಂಧೀಜಿಯವರಿಗೆ ಸಂತೋಷವಾಯಿತು.

ಗಾಂಧೀಜಿ ಮತ್ತು ಡಾ. ಅಂಬೇಡ್ಕರ್ ಅವರ ನಡುವೆ ಪುಣೆ ಒಪ್ಪಂದವಾದ 1932ರಲ್ಲೇ ಪುಣೆಯಲ್ಲಿ ಸಂಸ್ಥೆಯ 'ಯೂನಿಯನ್ ಬೋರ್ಡಿಂಗ್ ಹೌಸ್' ಸುರುವಾಯಿತು. 1935ರಲ್ಲಿ ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ಬಂತು. ಬೋರ್ಡಿಂಗ್‌ನಲ್ಲಿ ಕಲಿತವರೇ ಮಾಸ್ತರರಾಗಿ ಹಳ್ಳಿಗಳಿಗೆ ಹೊರಟರು. 1940ರಲ್ಲಿ ಮಹಾರಾಜಾ ಸಯಾಜಿರಾವ್ ಹೆಸರಿನ ಹೈಸ್ಕೂಲು ತೆರೆಯಿತು. ಅಲ್ಲಿ ಫೀ ಇರಲಿಲ್ಲ, ವಸತಿ ಇತ್ತು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು. ಅಲ್ಲಿಯ 'ಕಮವಾ ಆಣಿ ಶಿಕಾ', ಅಂದರೆ 'ದುಡಿಯಿರಿ, ಕಲಿಯಿರಿ' ಎಂಬ ಯೋಜನೆ ಮುಂದೆ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಿಗೂ ಹೋಯಿತು. ಹೊಲದಲ್ಲಿ ಕಳೆ ತೆಗೆದು ಬಂದ ಹುಡುಗ ಅದೇ ಕೈಯಲ್ಲಿ ಷೇಕ್ಸ್‌ಪಿಯರ್ ಹಿಡಿಯುವುದು ಅಲ್ಲಿ ಅಚ್ಚರಿಯ ಮಾತಾಗಿರಲಿಲ್ಲ.

ಈ ಮನೆಯಲ್ಲಿ ಬೆಳೆದವರಲ್ಲಿ ಒಬ್ಬರು ಬ್ಯಾರಿಸ್ಟರ್ ಪಿ. ಜಿ. ಪಾಟೀಲ್. ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರೂ ವಕೀಲಿಕೆಯ ದುಡ್ಡಿಗೆ ಬೆನ್ನು ಹತ್ತದೆ ಸಂಸ್ಥೆಯ ಕೆಲಸಕ್ಕೆ ನಿಂತರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಭಾವುರಾವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದರ ಹೆಸರಿನಲ್ಲಿ ಇರುವುದೂ ಆಲದ ಮರವೇ.

ಪುಣೆ ವಿಶ್ವವಿದ್ಯಾಲಯ 1959ರಲ್ಲಿ ಭಾವುರಾವರಿಗೆ ಡಿ.ಲಿಟ್. ಕೊಟ್ಟಿತು. ಅದೇ ವರ್ಷ ಪದ್ಮಭೂಷಣವೂ ಬಂತು. ಮೆಟ್ರಿಕ್ ದಾಟದ ಪಾಟೀಲ್ ಮಾಸ್ತರರು ಡಾಕ್ಟರ್ ಆದರು! ಅದೇ ವರ್ಷ ಮೇ 9ರಂದು ತೀರಿಕೊಂಡರು. 1988ರಲ್ಲಿ ಅವರ ಹೆಸರಿನ ಅಂಚೆಚೀಟಿ ಬಂತು.

ಅಲ್ಲಿಯ ಹಬ್ಬಗಳು

ರಯತ್ ಶಿಕ್ಷಣ ಸಂಸ್ಥೆಯ ವರ್ಷಕ್ಕೆ ಮೂರು ದಿನಗಳು ಮುಖ್ಯ. ಸಪ್ಟೆಂಬರ್ 22ಕ್ಕೆ ಕರ್ಮವೀರ ಜಯಂತಿ. ಅಂದು ಸಾತಾರಾದ ಬೀದಿಗಳಲ್ಲಿ ವಿದ್ಯಾರ್ಥಿಗಳ ಮೆರವಣಿಗೆ. ಲೇಜೀಮಿನ ಸಪ್ಪಳ ಕೇಳಿದರೆ ನಮ್ಮ ಊರಿನ ಜಾತ್ರೆ ನೆನಪಾಗಬೇಕು. ಅಕ್ಟೋಬರ್ 4 ಸಂಸ್ಥೆಯ ಹುಟ್ಟಿದ ದಿನ. 2019ರಲ್ಲಿ ಅದಕ್ಕೆ ನೂರು ತುಂಬಿತು. ಮೇ 9 ಪುಣ್ಯತಿಥಿ. ಅಂದು ಕಲಿತವರು, ಕಲಿಸಿದವರು ಸಾತಾರಾದಲ್ಲಿರುವ ಸಮಾಧಿಯ ಬಳಿ ಸೇರುತ್ತಾರೆ. ಇಂದು ಸಂಸ್ಥೆಯ ಶಾಖೆಗಳು ಏಳುನೂರಕ್ಕೂ ಹೆಚ್ಚು. ಮಹಾರಾಷ್ಟ್ರದ ಹಲವು ಜಿಲ್ಲೆಗಳಲ್ಲಿ ಹರಡಿ, ಕರ್ನಾಟಕದೊಳಗೂ ಒಂದು ಬಿಳಲು ಇಳಿದಿದೆ. 2021ರಲ್ಲಿ ಸಾತಾರಾದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೂ ಆಯಿತು.

ಮೆರವಣಿಗೆ ಎಲ್ಲರೂ ಮಾಡುತ್ತಾರೆ. ಆದರೆ ಈ ಬೋರ್ಡಿಂಗ್‌ನ ನಿಜವಾದ ಹಬ್ಬ ದಿನಾಲೂ ಎರಡು ಹೊತ್ತು ನಡೆಯುತ್ತಿತ್ತು. ಗಂಟೆ ಬಾರಿಸಿದಾಗ ಹುಡುಗರೆಲ್ಲ ತಾಟು ಹಿಡಿದು ಒಂದೇ ಸಾಲಿನಲ್ಲಿ ಕೂರುತ್ತಿದ್ದರಲ್ಲ, ಅದೇ ಆ ಹಬ್ಬ.

ನಮ್ಮ ಮಾತು

ಈಗ ನಮ್ಮದೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹಲವರು ಬೋರ್ಡಿಂಗ್‌ನಲ್ಲಿದ್ದುಕೊಂಡೇ ಕಲಿತವರು. ತಗಡಿನ ಪೆಟ್ಟಿಗೆ, ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಸವ ಜಯಂತಿಗೆ ಗೋಧಿ ಹುಗ್ಗಿ, ಎಲ್ಲವೂ ಸವಿನೆನಪೇ. ಆದರೆ ನಾವಿದ್ದ ಒಂದು ಕಡೆ ಒಬ್ಬ ಹುಡುಗನ ತಾಟು ಬೇರೆ ಗೂಡಿನಲ್ಲಿರುತ್ತಿತ್ತು. ಬೇರೆ ಇಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ತಿಳಿದುಕೊಂಡು ಇಟ್ಟಿದ್ದ. ಸಾಲಿನ ಕಡೆಗೆ, ಒಂದು ಮೊಳ ದೂರ ಕೂರುತ್ತಿದ್ದ. ನಾವು ಅವನೊಡನೆ ಆಡಿದೆವು, ಕೂಡಿ ಓದಿದೆವು, ಅವನ ವಹಿ ನೋಡಿ ಗಣಿತ ಬಿಡಿಸಿದೆವು. ಆದರೆ "ಈ ಕಡೆ ಸರಿದು ಕೂಡೋ" ಎಂದು ಒಬ್ಬರೂ ಹೇಳಲಿಲ್ಲ. ಎಷ್ಟೋ ವರ್ಷ ಅದು ನಮಗೆ ತಪ್ಪಾಗಿಯೂ ಕಂಡಿರಲಿಲ್ಲ. ಸಾತಾರಾದ ಬೋರ್ಡಿಂಗ್‌ನ ಕಥೆ ಓದುವಾಗ ಆ ತಾಟು ಕಣ್ಣ ಮುಂದೆ ಬಂತು. ಭಾವುರಾವ್ ಒಂದು ಕೊಡ ನೀರು ಸುರುವಿಕೊಳ್ಳಲು ಒಪ್ಪದೆ ಬೋರ್ಡಿಂಗನ್ನೇ ಬಿಟ್ಟರು. ನಮಗೆ ಒಂದು ಮೊಳ ಸರಿದು ಕೂರುವುದಾಗಲಿಲ್ಲ.

ಇಂದೂ ನಮ್ಮ ಎಷ್ಟೋ ಕನ್ನಡ ಶಾಲೆಗಳು ಏಳನೆಯದಕ್ಕೋ ಎಂಟನೆಯದಕ್ಕೋ ಮುಗಿಯುತ್ತವೆ. ಮುಂದೆ ಕನ್ನಡದಲ್ಲೇ ಕಲಿಯಬೇಕೆಂದರೆ ದೂರದ ಊರಿಗೆ ಹೋಗಬೇಕು. ಗಂಡು ಹುಡುಗ ಹೇಗೋ ಬಸ್ಸು ಹಿಡಿಯುತ್ತಾನೆ. ಹೆಣ್ಣುಮಗಳಿಗೆ ಉಳಿಯಲು ನಂಬಿಕೆಯ ಜಾಗವಿಲ್ಲದಿದ್ದರೆ ಪುಸ್ತಕ ಅಟ್ಟ ಸೇರುತ್ತದೆ, ಹುಡುಗಿ ಹೊಲ ಸೇರುತ್ತಾಳೆ, ಇಲ್ಲವೇ ಹಸೆಮಣೆ. ಶಾಲೆ ಉಳಿಯಬೇಕು, ಭಾಷೆ ಉಳಿಯಬೇಕು ಎಂದು ನಾವು ಸಭೆಗಳಲ್ಲಿ ಗಂಟಲು ಹರಿದುಕೊಳ್ಳುತ್ತೇವೆ. ಮಗು ಎಲ್ಲಿ ಮಲಗಬೇಕು, ಏನು ಉಣ್ಣಬೇಕು ಎಂಬ ಪ್ರಶ್ನೆಯನ್ನು ಶಾಹೂ ಮಹಾರಾಜರು ಮೊದಲು ಕೇಳಿದರು, ಭಾವುರಾವ್ ಅದರ ಮುಂದೆ ಯಾರ ಪಕ್ಕದಲ್ಲಿ ಕೂತು ಉಣ್ಣಬೇಕು ಎಂಬುದನ್ನೂ ಕೇಳಿದರು. ಈ ಎರಡೂ ಪ್ರಶ್ನೆಗಳನ್ನು ನಾವು ನಮ್ಮ ಊರುಗಳಲ್ಲಿ ಇನ್ನೂ ಕೇಳಿಕೊಳ್ಳಬೇಕಾಗಿದೆ.

ಆದ್ದರಿಂದ ಮುಂದಿನ ಸಪ್ಟೆಂಬರ್ 22ಕ್ಕೆ ಆ ಹುಡುಗ ಮತ್ತೆ ಕೇಳಿದರೆ ನಾವು ಹೀಗೆ ಹೇಳಬೇಕೆಂದಿದ್ದೇವೆ: "ಹೌದಪಾ, ಅವರ ಹಿರ್‍ಯಾರು ಕನ್ನಡ ನಾಡಿನಿಂದ ಬಂದವರು. ಆದರ ಅವರು ನಮ್ಮವರು ಆಗೂದು ಅದರಿಂದ ಅಲ್ಲ. ಮಧ್ಯಾಹ್ನ ಊಟದ ಗಂಟಿ ಹೊಡೀತದಲ್ಲ, ಆಗ ನೀ ಯಾರ ಬಾಜೂಕ ಕೂಡ್ತಿ ನೋಡು, ಅದರಾಗ ಗೊತ್ತಾಗ್ತದ."

ಅಂದು ಕಾಯಿ-ಬೆಲ್ಲದ ಬದಲು ಎಲ್ಲ ಮಕ್ಕಳೂ ಮನೆಯಿಂದ ಒಂದು ಹಿಡಿ ಜೋಳದ ಹಿಟ್ಟು ತರಲಿ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು, ಒಂದೇ ಒಲೆಯ ಮೇಲೆ ರೊಟ್ಟಿ ಬೇಯಿಸಿ, ಒಂದೇ ಸಾಲಿನಲ್ಲಿ ಕೂತು ಉಣ್ಣೋಣ. ಮಾಸ್ತರರೂ ಅದೇ ಸಾಲಿನಲ್ಲಿ ಕೂರಬೇಕು. ನಿಮ್ಮ ಶಾಲೆಯಲ್ಲೂ ಮಾಡುತ್ತೀರಲ್ಲ?